ಮಾವಯ್ಯನ ಬಲಗಾಲು

ನಾನು ಕಾರು ಓಡಿಸಲು ಕಲಿತದ್ದು 1997ರಲ್ಲಿ, ಮಾವಯ್ಯನಿಂದ. ಮಾವಯ್ಯ ಎಂದರೆ ನನ್ನ ಗಂಡನ ತಂದೆ. ಕುಂದಾಪುರ–ಬೈಂದೂರು ನಡುವಿನ ಖಾಸಗಿ ಬಸ್ಸೊಂದನ್ನು ಮೂವತ್ತು ವರ್ಷ ಓಡಿಸಿ, ಅರವತ್ತು ತುಂಬಿದ ಆ ಬೇಸಿಗೆಯಲ್ಲಿ ಕೆಲಸ ಬಿಟ್ಟು ತಲ್ಲೂರಿನ ಮನೆಯ ಜಗಲಿಯಲ್ಲಿ ಕೂತಿದ್ದರು. ಅವರೇನೋ ಕೂತಿದ್ದರು, ಅವರ ಬಲಗಾಲು ಮಾತ್ರ ಕೂರಲು ಒಪ್ಪಿರಲಿಲ್ಲ. ಹೆದ್ದಾರಿಯಲ್ಲಿ ಬಸ್ಸಿನ ಸದ್ದು ಬಂದರೆ ಪಾದ ತನ್ನಷ್ಟಕ್ಕೆ ನೆಲ ಒತ್ತುತ್ತಿತ್ತು. ಬಸ್ಸು ತಿರುವಿಗೆ ಬರುವ ಮೊದಲೇ ಮೇಲೇಳುತ್ತಿತ್ತು. ಅತ್ತೆ ಅದನ್ನು ಒಳಗಿನಿಂದ ನೋಡಿ, "ಕಾಣ್ ಹೆಣೆ, ಮನ್ಷ ಮನಿಗ್ ಬಂದ್ ಕೂತ್ರೂ ಕಾಲ್ ಇನ್ನೂ ಬಸ್ಸಂಗೇ ಇತ್ತ್" ಎಂದು ನನ್ನನ್ನು ಕರೆದು ತೋರಿಸಿ ನಗುತ್ತಿದ್ದರು.

ಆ ಕಾಲಿಗೆ ಊರಲ್ಲಿ ಹೆಸರಿತ್ತು. ಒಂದೇ ದಾರಿಯಲ್ಲಿ ಒಂದೇ ಥರದ ಬಸ್ಸು ಓಡಿಸಿದರೂ ಮಾವಯ್ಯನ ಬಸ್ಸು ಉಳಿದವರ ಬಸ್ಸಿಗಿಂತ ಕಡಿಮೆ ಡೀಸೆಲ್ ಕುಡಿಯುತ್ತಿತ್ತು. ಬಸ್ಸಿನ ಧಣಿಗಳು ಹೊಸ ಡ್ರೈವರುಗಳನ್ನು ಎಂಟು ದಿನ ಇವರ ಪಕ್ಕದಲ್ಲಿ ಕೂರಿಸಿ ಕಳಿಸುತ್ತಿದ್ದರಂತೆ. ಗುಟ್ಟೇನೂ ಇರಲಿಲ್ಲ. ಮುಂದೆ ಏನಾಗುತ್ತದೆ ಎಂದು ಇವರು ಬಹಳ ದೂರದಿಂದ ನೋಡುತ್ತಿದ್ದರು. ತ್ರಾಸಿಯ ನಿಲ್ದಾಣದಲ್ಲಿ ಯಾರೋ ಕೊಡೆ ಮಡಚುವುದು ಕಂಡರೆ, ಅವರು ಕೈ ಎತ್ತುವ ಮೊದಲೇ ಇವರು ಎಕ್ಸಲೇಟರಿನಿಂದ ಕಾಲು ತೆಗೆದಿರುತ್ತಿದ್ದರು. ಬಸ್ಸು ತನ್ನ ಓಟದಲ್ಲೇ ನಿಧಾನವಾಗಿ, ಅವರ ಮುಂದೆ ಬಾಗಿಲು ಸರಿಯಾಗಿ ಬರುವಂತೆ ನಿಲ್ಲುತ್ತಿತ್ತು. "ಬ್ರೇಕ್ ಒತ್ತಿದೆ ಅಂದ್ರೆ, ಅದ್ಕೂ ಮೊದ್ಲ್ ಎಕ್ಸಲೇಟರ್ ಒತ್ತಿದ್ದ್ ದಂಡ ಅಂದೇಳಿ ಲೆಕ್ಕ" ಎನ್ನುವುದು ಅವರ ಮಾತು.

ನಾನು ಆಗ ಉಪ್ಪುಂದದ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರು. ಬಸ್ಸಿಳಿದು ಒಳದಾರಿಯಲ್ಲಿ ಎರಡು ಮೈಲಿ ನಡೆಯಬೇಕಿತ್ತು. ಮನೆಯಲ್ಲಿ ಮೂರು ವರ್ಷದ ಮಗಳು. ಸಂಜೆ ನಾನು ಬರುವಷ್ಟರಲ್ಲಿ ಅವಳು ಗೇಟಿನ ಹತ್ತಿರ ನಿಂತು ಅತ್ತು ಸುಸ್ತಾಗಿರುತ್ತಿದ್ದಳು. ಗಂಡ ಕುಂದಾಪುರದ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಪ್ರಾಯದಲ್ಲಿ ಒಮ್ಮೆ ಸ್ಕೂಟರಿನಿಂದ ಬಿದ್ದವರು, ಆಮೇಲೆ ಸೈಕಲ್ಲನ್ನೂ ಮುಟ್ಟಿರಲಿಲ್ಲ. ಹೀಗಿರುವಾಗ ಒಂದು ದಿನ ಮಾವಯ್ಯ ಯಾರಿಗೂ ಹೇಳದೆ ಒಂದು ಹಳೆಯ ಪುಟ್ಟ ಪೆಟ್ರೋಲ್ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ಕೆನೆ ಬಣ್ಣ, ಎಡಬಾಗಿಲಿಗೆ ಒಂದು ತಗ್ಗು.

"ಯಾರ್ ಬಿಡೂದ್ ಇದನ್ನ? ನೀವಾ?" ಅತ್ತೆ ಕೇಳಿದರು.

"ನಂದ್ ಆಯ್ತಲೆ, ಮೂವತ್ತ್ ವರ್ಸ. ಇನ್ನ್ ಇವ್ಳ್ ಬಿಡ್ಲಿ" ಎಂದು ನನ್ನ ಕಡೆ ಕೀಲಿ ಚಾಚಿದರು.

ಆಗ ನಮ್ಮ ಕಡೆ ಕಾರು ಓಡಿಸುವ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದಿತ್ತು. ಆದರೂ ಮರುದಿನ ಬೆಳಿಗ್ಗೆ ಮೈದಾನದಲ್ಲಿ ಪಾಠ ಶುರುವಾಯಿತು. ಚಪ್ಪಲಿ ತೆಗೆಸಿ ಬರಿಗಾಲಲ್ಲಿ ಓಡಿಸಲು ಹೇಳಿದರು. ಇಂಜಿನ್ ಏನು ಹೇಳುತ್ತದೆ ಎನ್ನುವುದು ಮೊದಲು ಗೊತ್ತಾಗುವುದು ಅಂಗಾಲಿಗೆ, ಆಮೇಲೆ ಕಿವಿಗೆ ಎನ್ನುತ್ತಿದ್ದರು.

ಹದಿನೈದು ದಿನಕ್ಕೆ ನಾನು ಹೆದ್ದಾರಿಗೆ ಇಳಿದೆ. ಆಗ ಮಾವಯ್ಯ ಹಿಂದಿನ ಸೀಟಿನಲ್ಲಿ ಅತ್ತೆಯನ್ನು ಕೂರಿಸಿದರು. ಅತ್ತೆಗೆ ಬಸ್ಸೆಂದರೆ ವಾಂತಿ. ಮೂವತ್ತು ವರ್ಷ ಬಸ್ಸು ಓಡಿಸಿದವರ ಹೆಂಡತಿ ಆ ಬಸ್ಸಿನಲ್ಲಿ ನೆಟ್ಟಗೆ ಹತ್ತು ಸಲ ಕೂತಿರಲಿಲ್ಲ. ಎಲ್ಲಿಗೆ ಹೊರಟರೂ ಕೈಯಲ್ಲಿ ಒಂದು ಲಿಂಬೆಹಣ್ಣು ಹಿಡಿದಿರುತ್ತಿದ್ದರು, ಹೊಟ್ಟೆ ತೊಳಸಿದರೆ ಮೂಗಿಗೆ ಹಿಡಿಯಲು. ಮಾವಯ್ಯ ನನಗೆ ಹೇಳಿದರು: "ಕಾಣ್, ಉಪ್ಪುಂದ ಮುಟ್ಟೂವರಿಗೆ ನಿನ್ನತ್ತೆ ಲಿಂಬಿಹಣ್ಣ್ ಮೂಗಿಗ್ ಹಿಡೀದಿದ್ರೆ ನೀ ಪಾಸ್. ಹಿಡಿದ್ಲಾ, ಅಲ್ಲಿ ನಿನ್ನ ಪೆಟ್ರೋಲ್ ಹೋಯ್ತ್."

ಅತ್ತೆ ರೇಗಿದರು. "ನಾನೆಂತ ಮೀಟ್ರಾ ನಿಮ್ಗೆ?"

"ಅದ್ಕಿಂತ್ಲೂ ಒಳ್ಳೆದ್. ಮೀಟ್ರ್ ಸುಳ್ಳ್ ಹೇಳತ್ತ್."

ಮೊದಲ ದಿನ ಹೆಮ್ಮಾಡಿ ದಾಟುವ ಮೊದಲೇ ಲಿಂಬೆ ಮೂಗಿಗೆ ಬಂತು. ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿ ನನಗೆ ಅಳು ಬಂತು. ಮುಂದಿನ ವಾರ ಮರವಂತೆಯವರೆಗೆ ಹೋದೆವು, ಅದರ ಮುಂದಿನ ವಾರ ನಾವುಂದದವರೆಗೆ. ನಾನು ಬೇಗ ಗೇರು ಬದಲಿಸಿ ಇಂಜಿನ್ ಗೊರಗುಟ್ಟಿಸಿದಾಗ, ಇಲ್ಲವೇ ಲಾರಿಯ ಬಾಲಕ್ಕೆ ಅಂಟಿಕೊಂಡು ಒತ್ತುತ್ತಾ ಬಿಡುತ್ತಾ ಹೋದಾಗ ಅತ್ತೆಯ ಕೈ ಏಳುತ್ತಿತ್ತು. ಒಂದು ಶನಿವಾರ ಶಾಲೆಯ ಗೇಟಿನ ಮುಂದೆ ಕಾರು ನಿಲ್ಲಿಸಿ ಹಿಂದೆ ತಿರುಗಿದರೆ ಅತ್ತೆ ಬಾಯಿ ತೆರೆದು ನಿದ್ದೆ ಹೋಗಿದ್ದರು. ಮಾವಯ್ಯ ಇಳಿದು, ಕಾರಿನ ಬಾನೆಟ್ಟಿನ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದರು. ಹಸುವಿನ ಬೆನ್ನು ತಟ್ಟುವ ಹಾಗೆ.

ಮೈಲೇಜು ಅಳೆಯುವ ಕ್ರಮವೂ ಅವರದೇ. ಹೆಮ್ಮಾಡಿಯ ಬಂಕಿನಲ್ಲಿ ಪೆಟ್ರೋಲನ್ನು ಬಾಯಿಮಟ್ಟ ತುಂಬಿಸುವುದು, ಓಡಿಸುವುದು, ಮತ್ತೆ ಅದೇ ಬಂಕಿನ ಅದೇ ಪಂಪಿನಲ್ಲಿ, ಕಾರನ್ನು ಅದೇ ಕಡೆಗೆ ಮುಖ ಮಾಡಿ ನಿಲ್ಲಿಸಿ ಬಾಯಿಮಟ್ಟ ತುಂಬಿಸುವುದು. ನೆಲ ಚೂರು ಓರೆಯಾದರೂ ಟ್ಯಾಂಕಿಗೆ ಅರ್ಧ ಲೀಟರು ಹೆಚ್ಚುಕಡಿಮೆ ಹಿಡಿಯುತ್ತದೆಂದು ಅವರ ವಾದ. ಕಿಲೋಮೀಟರು ಮತ್ತು ಲೀಟರನ್ನು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚುತ್ತಿದ್ದರು. ನನ್ನ ಮೊದಲ ತಿಂಗಳು ಲೀಟರಿಗೆ ಹದಿಮೂರು. ಆ ವರ್ಷ ಮಳೆಗಾಲ ಮುಗಿಯುವಾಗ ಹದಿನೇಳು. ಟಯರಿನ ಗಾಳಿ ವಾರಕ್ಕೊಮ್ಮೆ ನೋಡಿಸಿದರು. ಡಿಕ್ಕಿಯಲ್ಲಿ ಅತ್ತೆ ತವರಿಗೆಂದು ಇಟ್ಟು ಮರೆತ ಹದಿನೆಂಟು ತೆಂಗಿನಕಾಯಿ ಸಿಕ್ಕಿದ ದಿನ ಮಾತ್ರ ಇಬ್ಬರಿಗೂ ದೊಡ್ಡ ಜಗಳವಾಯಿತು.

ಅವರು ಕಲಿಸಿದ್ದರಲ್ಲಿ ಒಂದು ವಿದ್ಯೆ ಅವರಿಗೆ ಎಲ್ಲಕ್ಕಿಂತ ಪ್ರೀತಿ. ಇಳಿಜಾರು ಬಂದರೆ ನ್ಯೂಟ್ರಲ್. ಉದ್ದದ ಇಳಿಜಾರಾದರೆ ಇಂಜಿನ್ನೇ ಬಂದ್. "ಇಳಿಜಾರ್ ದೇವ್ರ್ ಕೊಟ್ಟದ್ದ್, ಅಲ್ಲಿ ಎಂತಕ್ಕ್ ಎಣ್ಣಿ ಸುಡೂದ್?" ಎನ್ನುತ್ತಿದ್ದರು. ಬೈಂದೂರಿನಾಚೆಯ ಒತ್ತಿನೆಣೆ ಗುಡ್ಡದಿಂದ ಇಳಿಯುವಾಗ ಕೀಲಿ ಒಂದು ಹಂತ ಹಿಂದೆ ತಿರುಗಿಸಿದರೆ ಕಾರು ಗಾಳಿಯ ಸದ್ದೊಂದರಲ್ಲೇ ಸಾಗುತ್ತಿತ್ತು. ಸಮುದ್ರದ ಗಾಳಿ, ದೂರದ ಬಸ್ಸಿನ ಹಾರ್ನು, ಅತ್ತೆಯ ಬಳೆ, ಎಲ್ಲ ಕೇಳುತ್ತಿತ್ತು. ನನಗೂ ಅದು ಇಷ್ಟವಾಗಿತ್ತೆಂದು ಒಪ್ಪಿಕೊಳ್ಳಬೇಕು. ವಿಜ್ಞಾನ ಓದಿದವಳಾಗಿಯೂ ಬ್ರೇಕಿನ ಬಗ್ಗೆ ನಾನು ಒಂದು ದಿನವೂ ಯೋಚಿಸಲಿಲ್ಲ.

ಆ ಕಾರು ಹದಿಮೂರು ವರ್ಷ ದುಡಿಯಿತು. ಮಗಳು ಅದರ ಹಿಂದಿನ ಸೀಟಿನಲ್ಲೇ ಮಗ್ಗಿ ಕಲಿತಳು. ಕೊನೆಗೆ ತಳದ ತಗಡು ಉಪ್ಪುಗಾಳಿಗೆ ತಿಂದುಹೋಗಿ, ಕಾಲಿನ ಹತ್ತಿರ ರಸ್ತೆ ಕಾಣಿಸತೊಡಗಿದಾಗ ಹೊಸತು ಕೊಳ್ಳುವುದೆಂದಾಯಿತು. ಬ್ರಹ್ಮಾವರದ ಹೆದ್ದಾರಿಯ ಬದಿಯ ಷೋರೂಮಿಗೆ ನಾನು, ಮಾವಯ್ಯ, ಅತ್ತೆ ಹೋದೆವು. ಗಾಜಿನ ಒಳಗೆ ತೊಳೆದ ಕಾರುಗಳು. ಪ್ರತಿಯೊಂದರ ಪಕ್ಕದಲ್ಲಿ ಒಂದು ಕಾಗದ, ಅದರಲ್ಲಿ ದಪ್ಪ ಅಕ್ಷರದ ಮೈಲೇಜು. ಆಗಷ್ಟೇ ಹಾಗೆ ಬರೆದು ಇಡುವ ಪದ್ಧತಿ ಶುರುವಾಗಿತ್ತು.

ಮಾವಯ್ಯ ಕನ್ನಡಕ ಹಾಕಿ ಆ ಕಾಗದವನ್ನು ಬಹಳ ಹೊತ್ತು ಓದಿದರು. ಆಮೇಲೆ ಟೈ ಕಟ್ಟಿದ ಸೇಲ್ಸ್‌ನವರನ್ನು ಕೇಳಿದರು. "ಹ್ವಾಯ್, ಇದ್ ಯಾವ ರೋಡಂಗೆ ಬಿಟ್ಟ್ ಕಂಡದ್ದ್?"

"ರೋಡಲ್ಲಿ ಅಲ್ಲ ಸರ್. ಸರ್ಕಾರ ಒಪ್ಪಿದ ಲ್ಯಾಬಿನಲ್ಲಿ ಟೆಸ್ಟ್ ಮಾಡ್ತಾರೆ. ರೋಲರ್ ಮೇಲೆ ಚಕ್ರ ತಿರುಗಿಸಿ."

"ರೂಮಂಗಾ?"

"ಹೌದು ಸರ್."

"ಗಾಳಿ ಇಲ್ಯಾ? ಮಳಿ ಇಲ್ಯಾ? ಮೀನ್ ಲಾರಿ ಅಡ್ಡ ಬತ್ತಿಲ್ಯಾ?"

"ಎಲ್ಲ ಕಾರಿಗೂ ಒಂದೇ ಥರ ಇರಲಿ ಅಂತ ಹಾಗೆ ಸರ್."

ಮಾವಯ್ಯ ಸ್ವಲ್ಪ ಯೋಚಿಸಿ ತಲೆಯಾಡಿಸಿದರು. "ಅದ್ ಸಮ. ಎಲ್ರಿಗೂ ಒಂದೇ ಪೇಪರ್ ಕೊಟ್ರೆ ಯಾರ್ ಹುಷಾರ್ ಅಂದೇಳಿ ಗೊತ್ತಾತ್ತ್. ಆದ್ರೆ ಆ ಮಾರ್ಕ್ ನಮ್ಮ ರೋಡಂಗೆ ಬಪ್ದಿಲ್ಲೆ." ಕಾಗದದ ಅಂಕಿಯಿಂದ ನಾಲ್ಕು ಕಳೆದು ಇಟ್ಟುಕೊಳ್ಳಲು ನನಗೆ ಹೇಳಿದರು. ಆ ಅಂದಾಜು ಆಮೇಲೆ ಬಹುಪಾಲು ನಿಜವೇ ಆಯಿತು.

ಹೊಸ ಕಾರಿಗೆ ಪವರ್ ಸ್ಟೇರಿಂಗ್ ಇತ್ತು. ಕಾರ್ಬ್ಯುರೇಟರ್ ಬದಲು ಕಂಪ್ಯೂಟರು ಅಳೆದು ಪೆಟ್ರೋಲ್ ಚಿಮ್ಮಿಸುವ ಇಂಜಿನ್. ತಂದು ಮೂರನೆಯ ವಾರ ಶಿರೂರಿನ ಹತ್ತಿರದ ನೆಂಟರಲ್ಲಿ ಒಂದು ಗೃಹಪ್ರವೇಶವಿತ್ತು. ಊಟ ಮುಗಿಸಿ ಮೂವರೂ ವಾಪಸು ಹೊರಟೆವು. ಒತ್ತಿನೆಣೆಯ ತಲೆಗೆ ಬಂದಾಗ ಮಾವಯ್ಯ ಎಂದಿನಂತೆ, "ಹ್ಞಾಂ, ಬಂದ್ ಮಾಡ್" ಎಂದರು. ನಾನೂ ಎಂದಿನಂತೆ ನ್ಯೂಟ್ರಲ್ ಮಾಡಿ ಕೀಲಿ ತಿರುಗಿಸಿದೆ.

ತಿರುವಿನ ಕೆಳಗೆ ಕೆಟ್ಟು ನಿಂತ ಲಾರಿಯೊಂದಿತ್ತು. ಗುರುತಿಗೆಂದು ಅದರ ಹಿಂದೆ ಇಟ್ಟ ಸೊಪ್ಪಿನ ಗೊಂಚಲು ಕಾಣುವಷ್ಟರಲ್ಲಿ ನಾವು ಹತ್ತಿರ ಬಂದಾಗಿತ್ತು. ಬ್ರೇಕು ಒತ್ತಿದೆ, ಹಿಡಿಯಿತು. ಇನ್ನೊಮ್ಮೆ ಒತ್ತಿದೆ, ಸ್ವಲ್ಪ. ಮೂರನೆಯ ಸಲ ಪೆಡಲು ಕಲ್ಲಿನ ಹಾಗಿತ್ತು. ಸ್ಟೇರಿಂಗೂ ತಿರುಗಲೊಲ್ಲದು. ಹಳೆಯ ಕಾರಿನ ಹಾಗಲ್ಲ, ಇದರಲ್ಲಿ ಇಂಜಿನ್ ಇಲ್ಲದಿದ್ದರೆ ಬ್ರೇಕಿಗೂ ಸ್ಟೇರಿಂಗಿಗೂ ಬಲ ಕೊಡುವವರಿಲ್ಲ ಎನ್ನುವುದು ಆ ಹೊತ್ತಿಗೆ ತಲೆಗೆ ಹೊಳೆಯಲೂ ಇಲ್ಲ. ಎರಡೂ ಕಾಲು ಬ್ರೇಕಿನ ಮೇಲಿಟ್ಟು ಸೀಟಿನಿಂದ ಎದ್ದು ನಿಂತ ಹಾಗೆ ತುಳಿದೆ. ಮಾವಯ್ಯ ಪಕ್ಕದಿಂದ ಕೈ ಹಾಕಿ ಸ್ಟೇರಿಂಗನ್ನು ತಮ್ಮ ಕಡೆ ಎಳೆದರು. ಕಾರು ಮಣ್ಣಿಗಿಳಿದು, ಪೊದೆಗೆ ಮೂತಿ ತಾಗಿಸಿ ನಿಂತಿತು.

ಹಿಂದಿನಿಂದ ಅತ್ತೆ ಕೂಗಿದರು. ಹಣೆ ಮುಂದಿನ ಸೀಟಿಗೆ ಬಡಿದು ಕೆಂಪಾಗಿತ್ತು, ಬೇರೇನೂ ಆಗಿರಲಿಲ್ಲ. ಮಾವಯ್ಯ ಬಾಗಿಲು ತೆರೆದು ಇಳಿದರು. ರಸ್ತೆ ಬದಿಯ ಮುರಕಲ್ಲಿನ ಮೇಲೆ ಕೂತು, ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡರು. ಅತ್ತೆ ತಾವೇ ಇಳಿದು ಹೋಗಿ ಅವರ ಪಕ್ಕದಲ್ಲಿ ಕೂತರು. "ನಂಗೆಂತ ಆಯ್ಲಿಲ್ಲೆ. ಏಳಿ, ಮನಿಗ್ ಹೋಪ" ಎಂದರು. ಅವರು ಅತ್ತೆಯ ಹಣೆ ಮುಟ್ಟಿ ನೋಡಿದರು.

ಎರಡು ದಿನ ಮಾವಯ್ಯ ಜಗಲಿಗೂ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಚಾ ಕೊಟ್ಟಾಗ ಹೇಳಿದರು, "ಹೆಣೆ, ಕಾರಿನ್ ಸಂಗ್ತಿಗೆ ಒಂದ್ ಪುಸ್ತ್ಕ ಕೊಟ್ಟಿದ್ರಲೆ. ಅದನ್ನ ಓದ್ ಹೇಳ್ ಕಾಂಬ."

ಇಂಗ್ಲಿಷಿನ ಪುಸ್ತಕ. ಇಳಿಜಾರಿನ ಪುಟ ತೆಗೆದು ಕನ್ನಡದಲ್ಲಿ ಹೇಳಿದೆ. ಚಲಿಸುವಾಗ ಇಂಜಿನ್ ಬಂದ್ ಮಾಡಬಾರದು. ನ್ಯೂಟ್ರಲ್ ಮಾಡಬಾರದು. ಗೇರಿನಲ್ಲೇ ಇಟ್ಟು ಎಕ್ಸಲೇಟರಿನಿಂದ ಕಾಲು ತೆಗೆದರೆ ಸಾಕು. ಜತೆಗೆ ನನಗೆ ಗೊತ್ತಿದ್ದದ್ದನ್ನೂ ಸೇರಿಸಿದೆ. ಹಾಗೆ ಇಳಿಯುವಾಗ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ, ಕಂಪ್ಯೂಟರು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆರದಿರಲು ಅದು ಚೂರು ಚೂರು ಸುಡುತ್ತಲೇ ಇರುತ್ತದೆ.

"ಗೇರಂಗ್ ಇದ್ರೆ ಎಂತದೂ ಸುಡೂದಿಲ್ಯಾ?"

"ಇಲ್ಲೆ ಮಾವಯ್ಯ."

"ಹಂಗಾರೆ ನಾನ್ ಮೂವತ್ತ್ ವರ್ಸ ಮಾಡಿದ್ದ್ ಸುಳ್ಳಾ?"

ನಾನು ಏನೋ ಸಮಾಧಾನ ಹೇಳಲು ಹೊರಟೆ. ಅವರು ಕೈ ಎತ್ತಿ ತಡೆದು, ಅದುವರೆಗೆ ಯಾರಿಗೂ ಹೇಳದ ಒಂದು ಸಂಗತಿ ಹೇಳಿದರು. ಅತ್ತೆಯೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು.

ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ, ಒಂದು ಮದುವೆ ತಿಂಗಳು, ದಿಬ್ಬಣದವರನ್ನು ತುಂಬಿಸಿಕೊಂಡು ಅದೇ ಒತ್ತಿನೆಣೆಯಲ್ಲಿ ಇಂಜಿನ್ ಬಂದ್ ಮಾಡಿ ಇಳಿಯುತ್ತಿದ್ದರಂತೆ. ಬಸ್ಸಿನ ಬ್ರೇಕು ಗಾಳಿಯದು. ಇಂಜಿನ್ ನಿಂತರೆ ಹೊಸ ಗಾಳಿ ತುಂಬುವುದಿಲ್ಲ. ದನ ಅಡ್ಡ ಬಂತೆಂದು ಮೂರು ನಾಲ್ಕು ಸಲ ಬ್ರೇಕು ಒತ್ತಿದರು, ಗಾಳಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಇಳಿಯಿತು. ಮುಂದೆ ಒಬ್ಬಳು ಹೆಂಗಸು, ತಲೆಯ ಮೇಲೆ ಹಸಿಹುಲ್ಲಿನ ಹೊರೆ. ಹೇಗೋ ಗೇರಿಗೆ ತಳ್ಳಿದರು, ಬಸ್ಸು ಕುಕ್ಕಿ, ಅವಳಿಂದ ಒಂದು ಮಾರು ದೂರದಲ್ಲಿ ನಿಂತಿತು. ಹೊರೆ ಬಿತ್ತು, ಹುಲ್ಲು ರಸ್ತೆ ತುಂಬ ಚೆಲ್ಲಿತು.

"ಬಸ್ಸಂಗ್ ಇದ್ದರೆಲ್ಲ ಆ ಹೆಂಗ್ಸಿಗೇ ಬೈದ್ರ್. ಕಣ್ಣ್ ಕಾಂತಿಲ್ಯಾ, ಸಾಯೂಕೆ ಇದೇ ಬಸ್ಸ್ ಬೇಕಿತ್ತಾ ಅಂದೇಳಿ. ಅವ್ಳ್ ಹುಲ್ಲ್ ಹೆಕ್ಕೂದ್ ಬಿಟ್ಟ್ ಕೈ ಮುಗ್ದ್ಲ್. ತಪ್ಪ್ ನಂದ್. ನಾನ್ ಬಾಯ್ ಬಿಡ್ಲಿಲ್ಲೆ." ಮಾವಯ್ಯ ಉಳಿದ ಚಾ ಕುಡಿದು ಲೋಟ ಕೆಳಗಿಟ್ಟರು. "ನಾಲ್ಕ್ ತಿಂಗ್ಳ್ ಬಂದ್ ಮಾಡೂದ್ ಬಿಟ್ಟಿದ್ದೆ. ಮತ್ತೆ ಧಣಿಗಳ್ ಎಂತಕ್ಕ್ ಡೀಸೆಲ್ ಜಾಸ್ತಿ ಆಯ್ತ್ ಅಂದೇಳಿ ಕೇಂಡ್ರ್. ಪುನಃ ಶುರು ಮಾಡ್ದೆ. ಹೆಸ್ರ್ ಹೋತ್ತ್ ಅಂದೇಳಿ."

ಅತ್ತೆ ಒಳಗಿನಿಂದ ಬಂದು ಅವರ ಖಾಲಿ ಲೋಟ ತೆಗೆದುಕೊಂಡರು. "ಈಗ್ಳಾರೂ ಹೇಳ್ದ್ರಿಯಲೆ" ಎಂದಷ್ಟೇ ಹೇಳಿದರು.

ನಾನಾಗಿದ್ದರೆ ಅಲ್ಲಿಗೆ ಆ ವಿಷಯ ಮುಚ್ಚಿಬಿಡುತ್ತಿದ್ದೆ. ಮಾವಯ್ಯನಿಗೆ ಎಪ್ಪತ್ತಮೂರು, ಇನ್ನೇನು ಕಲಿಯಬೇಕು ಅನ್ನಿಸಬಹುದಿತ್ತು. ಅವರು ಮಾತ್ರ ಪುಸ್ತಕದ ಮಾತನ್ನು ಸುಮ್ಮನೆ ಒಪ್ಪುವವರಲ್ಲ. ಇಂಜಿನ್ ಬಂದ್ ಮಾಡುವ ಮಾತು ಮುಗಿದುಹೋಯಿತು, ಇನ್ನು ಅದರ ಹೆಸರೆತ್ತುವುದು ಬೇಡ ಎಂದರು. ಆದರೆ ಗೇರಿನಲ್ಲಿ ಇಳಿದರೆ ಲಾಭವೋ ನ್ಯೂಟ್ರಲಿನಲ್ಲಿ ಇಳಿದರೆ ಲಾಭವೋ, ಅದನ್ನು ನೋಡಲೇಬೇಕು. ಎರಡು ಟ್ಯಾಂಕು ಒಂದು ಕ್ರಮದಲ್ಲಿ, ಎರಡು ಟ್ಯಾಂಕು ಇನ್ನೊಂದರಲ್ಲಿ. ಅದೇ ಬಂಕು, ಅದೇ ಪಂಪು. ನ್ಯೂಟ್ರಲಿನ ಸರದಿಯಲ್ಲಿ ಒತ್ತಿನೆಣೆ ಬೇಡ, ನನ್ನ ಶಾಲೆಯ ದಾರಿಯ ಸಣ್ಣ ಇಳಿಜಾರುಗಳು ಸಾಕು ಎಂದು ನಾನು ಪಟ್ಟು ಹಿಡಿದೆ. ಒಪ್ಪಿದರು.

ಮೊದಲ ನಾಲ್ಕು ಟ್ಯಾಂಕು ಮುಗಿದಾಗ ನ್ಯೂಟ್ರಲಿನದೇ ಒಂದು ಕೂದಲು ಮೇಲಿತ್ತು. ನಾನು ಪೆಚ್ಚಾದೆ. ಮಾವಯ್ಯನೇ ಕ್ಯಾಲೆಂಡರು ನೋಡಿ ತಲೆ ಅಲ್ಲಾಡಿಸಿದರು.

"ಇದ್ ಆತಿಲ್ಲೆ. ಗೇರಿನ್ ಟ್ಯಾಂಕಿಗೆ ಐದ್ ದಿನ ಮಳಿ ಬಂದಿತ್ತ್. ಒದ್ದಿ ರೋಡಂಗೆ ಗಾಡಿ ಎಳೂದಿಲ್ಲೆ. ಮತ್ತೊಂದ್ ಸಲ ಮಾಡ್ಕ್."

ತಾನು ಮೂವತ್ತು ವರ್ಷ ನಂಬಿದ ಮಾತು ಗೆಲ್ಲುತ್ತಿರುವಾಗ, ಪರೀಕ್ಷೆ ಸರಿಯಿಲ್ಲ ಎಂದು ತಾನೇ ತಳ್ಳಿಹಾಕಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಮರುದಿನ ಒಂಬತ್ತನೆಯ ತರಗತಿಯಲ್ಲಿ ಪ್ರಯೋಗ ಎಂದರೇನು ಎಂದು ಪಾಠ ಮಾಡುವಾಗ ಈ ಕಥೆಯನ್ನೇ ಹೇಳಿದೆ. ಮಳೆ ನಿಂತ ಮೇಲೆ ಮತ್ತೆ ನಾಲ್ಕು ಟ್ಯಾಂಕು ಅಳೆದೆವು. ಈ ಸಲ ಗೇರಿನದು ಮೇಲೆ ಬಂತು. ಲೀಟರಿಗೆ ಅರ್ಧ ಕಿಲೋಮೀಟರೂ ಇಲ್ಲದ ಅಂತರ. ಇನ್ನೊಂದು ಸುತ್ತು ಮಾಡಿದರೂ ಅದೇ ಬಂತು. ಮಾವಯ್ಯ ಪೆನ್ಸಿಲು ಕಿವಿಗೆ ಸಿಕ್ಕಿಸಿ, "ಆಯ್ತ್, ಸೋತೆ" ಎಂದರು. ಸೋತವರ ಮುಖವಾಗಿರಲಿಲ್ಲ ಅದು.

ಆಮೇಲೆ ಒಂದು ಭಾನುವಾರ ಬಿಳಿ ಅಂಗಿ ಹಾಕಿ, ತಮ್ಮನ್ನು ಕುಂದಾಪುರದ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಲು ನನಗೆ ಹೇಳಿದರು. ಚಾ ಅಂಗಡಿಯ ಮುಂದೆ ಟ್ರಿಪ್ಪಿಗೆ ಕಾಯುವ ಡ್ರೈವರುಗಳು ನಾಲ್ಕೈದು ಜನ ಇದ್ದರು. ಇವರನ್ನು ನೋಡಿ ಒಬ್ಬರು ಎದ್ದು ಜಾಗ ಕೊಟ್ಟರು. ಹಿಂದೆ ಇವರ ಪಕ್ಕದಲ್ಲಿ ಎಂಟು ದಿನ ಕೂತು ಕಲಿತವರಂತೆ ಅವರು. ಮಾವಯ್ಯ ಪೀಠಿಕೆ ಹಾಕದೆ, ಆ ಹುಲ್ಲಿನ ಹೊರೆಯ ಹೆಂಗಸಿನ ಕಥೆಯನ್ನು ಅಲ್ಲಿ, ಎಲ್ಲರ ಮುಂದೆ ಹೇಳಿದರು.

ಒಬ್ಬ ನಗಾಡಿದ. "ಅಜ್ಜಯ್ಯ, ನೀವೇ ಕಲ್ಸಿ, ಈಗ್ಳ್ ನೀವೇ ಬ್ಯಾಡ ಅಂಬ್ದಾ?"

"ಕಲ್ಸಿದ್ದ್ ನಾನೇ. ಅದ್ಕೇ ಬ್ಯಾಡ ಹೇಳೂಕೂ ನಾನೇ ಬಂದದ್ದ್. ದೂರದಿಂದ ಕಾಣ್ಕ್, ಮೊದ್ಲೇ ಕಾಲ್ ತೆಗೀಕ್. ಅದ್ ಈಗ್ಳೂ ಖರೆ. ಇಂಜಿನ್ ಬಂದ್ ಮಾಡೂದ್ ಮಾತ್ರ ಬಿಡಿ ಮಾರಾಯ್ರೆ. ಆ ಚಮಚ ಡೀಸೆಲಿಗೆ ಯಾರ್ದೋ ಮನಿ ದೀಪ ಆರ್ಸುಕಾಗ."

ನಗಾಡಿದವನು ಚಾ ಲೋಟ ಕೆಳಗಿಟ್ಟ. ಎದ್ದು ಜಾಗ ಕೊಟ್ಟಿದ್ದವರು, "ನಾನೂ ಮಾಡ್ತಿದ್ದೆ ಅಣ್ಣಯ್ಯ, ಇನ್ನ್ ಮಾಡೂದಿಲ್ಲೆ" ಎಂದರು. ಎಲ್ಲರೂ ಬಿಟ್ಟರೋ ಇಲ್ಲವೋ ಗೊತ್ತಿಲ್ಲ. ಮಾವಯ್ಯ ಮಾತ್ರ ಆ ವರ್ಷ ತಿಂಗಳಿಗೊಂದು ಭಾನುವಾರ ಅಲ್ಲಿಗೆ ಹೋಗುವುದನ್ನು ತಪ್ಪಿಸಲಿಲ್ಲ. ಆ ಹೆಂಗಸನ್ನು ಹುಡುಕಲು ಬೈಂದೂರಿನ ಕಡೆ ಎರಡು ಸಲ ನನ್ನನ್ನು ಕರೆದುಕೊಂಡು ಹೋದರು. ಹುಲ್ಲು ಹೊತ್ತ ಹೆಂಗಸು ಎಂಬುದೊಂದೇ ಗುರುತು, ಆದದ್ದು ಎಷ್ಟೋ ವರ್ಷದ ಹಿಂದೆ. ಸಿಗಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಪತ್ರಿಕೆಯಲ್ಲಿ ಸುದ್ದಿ ಬಂತು. ಇನ್ನು ಮುಂದೆ ಕಾರು ಕಂಪೆನಿಗಳು ಮಾರುವ ಕಾರುಗಳ ಸರಾಸರಿ ಮೈಲೇಜು ಇಷ್ಟು ಇರಲೇಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡುತ್ತದೆ ಎಂದು. ಮಾವಯ್ಯನಿಗೆ ಹಬ್ಬವಾಯಿತು. ಕಣ್ಣಿಗೆ ಪೊರೆ ಬಂದಿದ್ದರಿಂದ ನನ್ನಿಂದ ಓದಿಸಿದರು.

"ಇಷ್ಟ್ ದಿನ ಮೈಲೇಜ್ ಕೊಡ್ಕಾದ್ದ್ ಡ್ರೈವರ್ ಮಾತ್ರ. ಈಗ್ಳ್ ಮಾಡಿದವ್ರೂ ಕೊಡ್ಕ್" ಎಂದರು. "ಪಾಸ್ ಮಾರ್ಕ್ ಇಟ್ಟದ್ದ್ ಒಳ್ಳೆದಾಯ್ತ್. ಬಸ್ಸಿಗೆ ಲಾರಿಗೆ ಎಂತಕ್ಕಿಲ್ಲೆ?"

ಸರ್ಕಾರಕ್ಕೆ ಒಂದು ಪತ್ರ ಬರೆಯಬೇಕೆಂದು ಹಟ ಹಿಡಿದರು. ಅವರು ಹೇಳಿದ್ದನ್ನು ನಾನು ಗ್ರಾಂಥಿಕ ಕನ್ನಡದಲ್ಲಿ ಬರೆದೆ, ಮಗಳು ಇಂಗ್ಲಿಷಿಗೆ ತಿರುಗಿಸಿದಳು. ನಿಯಮ ಮಾಡಿದ್ದಕ್ಕೆ ವಂದನೆ. ಕೋಣೆಯ ಪರೀಕ್ಷೆ ಇರಲಿ, ಅದರ ಜತೆಗೆ ಕರಾವಳಿಯ ಹೆದ್ದಾರಿಯಲ್ಲಿ, ಆಷಾಢ ಮಾಸದಲ್ಲಿ, ನಾಲ್ಕು ಜನ ಕೂತು, ಎಸಿ ಹಾಕಿ ಇನ್ನೊಂದು ಪರೀಕ್ಷೆ ಆಗಲಿ. ಬಸ್ಸು ಲಾರಿಗಳಿಗೂ ನಿಯಮ ಬರಲಿ. ಕೊನೆಗೆ, ಎಷ್ಟೇ ಒಳ್ಳೆಯ ಇಂಜಿನ್ನಾದರೂ ಕಾಲು ಸರಿಯಿಲ್ಲದಿದ್ದರೆ ವ್ಯರ್ಥವಾದ್ದರಿಂದ ಲೈಸೆನ್ಸಿನ ಪರೀಕ್ಷೆಯಲ್ಲಿ ಕಾಲಿಗೂ ಅಂಕ ಕೊಡಬೇಕು. ಅತ್ತೆ ನಡುವೆ ಬಾಯಿ ಹಾಕಿ, ಹಿಂದೆ ಕೂತವರ ಹೊಟ್ಟೆಯ ಬಗ್ಗೆಯೂ ಬರೆಯಿರಿ ಎಂದರು. ಅದನ್ನೂ ಸೇರಿಸಿದೆವು.

ಎರಡು ತಿಂಗಳಾದ ಮೇಲೆ ಪತ್ರ ತಲುಪಿದೆ ಎನ್ನುವ ಒಂದು ಸಾಲಿನ ಅಚ್ಚಾದ ಉತ್ತರ ಬಂತು. ಮಾವಯ್ಯ ಅದನ್ನು ಎರಡು ಸಲ ಓದಿಸಿಕೊಂಡು, ಕ್ಯಾಲೆಂಡರಿನ ಮೊಳೆಗೆ ಚುಚ್ಚಿಟ್ಟರು. ಅದು ಅಷ್ಟೇ ಆಗಿದ್ದರೂ ಅವರಿಗೆ ಸಾಕಾಯಿತು.

ಅದೇ ವರ್ಷ ಮಳೆಗಾಲದ ಮೊದಲು ಹಂಗಾರಕಟ್ಟೆಗೆ ಹೋದೆವು. ಅದು ಅತ್ತೆಯ ತವರು. ಮಾವಯ್ಯ ಕಾರಿನಲ್ಲಿ ಕೂತು ಹೋದ ಕೊನೆಯ ದೂರದ ದಾರಿ ಅದೇ ಆಯಿತು. ಮುಂದಿನ ವರ್ಷ ಅವರು ತೀರಿಕೊಂಡರು, ಮೂರು ದಿನದ ಜ್ವರದಲ್ಲಿ, ಯಾರಿಗೂ ತೊಂದರೆ ಕೊಡದೆ. ಹಂಗಾರಕಟ್ಟೆಗೆ ಹೋದ ದಿನ ಮಾತ್ರ ಬಹಳ ಗೆಲುವಾಗಿದ್ದರು. ಹೆದ್ದಾರಿ ಅಗಲ ಮಾಡುವ ಕೆಲಸದಿಂದ ಎಲ್ಲೆಲ್ಲೂ ಧೂಳು, ಎಲ್ಲೆಲ್ಲೂ ತಿರುಗಿಸಿ ಬಿಟ್ಟ ದಾರಿ. ಆದರೂ ನಾನು ಎಲ್ಲಿ ಕಾಲು ತೆಗೆದೆ, ಎಲ್ಲಿ ಇಟ್ಟೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಹೆದ್ದಾರಿ ಬಿಟ್ಟು ಒಳದಾರಿಗೆ ತಿರುಗಿದ ಮೇಲೆ ನಾನೇ ಕೇಳಿದೆ.

"ಎಂತ ಮಾವಯ್ಯ, ಇವತ್ತ್ ತಪ್ಪೇ ಹೇಳ್ಲಿಲ್ಲೆ?"

"ಈಗ್ಳ್ ನಂಗ್ ರೋಡ್ ಕಾಂತಿಲ್ಲೆ. ನೀ ಬಿಡೂದ್ ಮೈಯಂಗೆ ಗೊತ್ತಾತ್ತ್. ಸಮ ಇತ್ತ್" ಎಂದರು.

ಅತ್ತೆಯ ಅಣ್ಣನ ಮನೆಯ ಹಿಂದೆ, ಹೊಳೆ ಸಮುದ್ರ ಸೇರುವ ಕಡೆ, ದೋಣಿ ಕಟ್ಟುವ ಜಾಗವಿದೆ. ಊಟಕ್ಕೆ ಇನ್ನೂ ಹೊತ್ತಿತ್ತು, ಮಾವಯ್ಯನ ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋದೆ. ದೊಡ್ಡ ಮೀನುಗಾರಿಕೆ ಬೋಟೊಂದನ್ನು ದಡಕ್ಕೆ ಎಳೆದಿಟ್ಟಿದ್ದರು. ಅದರ ಇಂಜಿನ್ ಬಿಚ್ಚಿ ಹಲಗೆಯ ಮೇಲಿಟ್ಟು ಒಬ್ಬ ಮೆಕ್ಯಾನಿಕ್ ಕೂತಿದ್ದ. ಮಾವಯ್ಯ ಬಗ್ಗಿ ಆ ಇಂಜಿನ್ನಿನ ಮೈ ಸವರಿ ನೋಡಿದರು.

"ಇದ್ ಲೀಟರಿಗೆಷ್ಟ್ ಕೊಡತ್ತ್?"

ಮೆಕ್ಯಾನಿಕ್ ನಕ್ಕ. "ಅಜ್ಜಯ್ಯ, ಬೋಟಿಗೆ ಹಂಗ್ ಲೆಕ್ಕ ಇಲ್ಲೆ. ಗಂಟಿಗೆ ಎಷ್ಟ್ ಲೀಟ್ರ್ ಕುಡೀತ್ತ್ ಅಂದೇಳಿ ನಮ್ಮ ಲೆಕ್ಕ. ಕಡ್ಲಂಗೆ ಕಿಲೋಮೀಟ್ರ್ ಯಾರ್ ಅಳೆಯೂದ್?"

ಮಾವಯ್ಯ ನೆಟ್ಟಗಾದರು. ಎಪ್ಪತ್ತೆಂಟರ ಮುಖ ಒಮ್ಮೆಲೇ ಹುಡುಗನದಾಯಿತು. "ಗಂಟಿಗಾ? ಹಂಗಾರೆ ಗಾಳಿ ಎದ್ರ್ ಬಂದ್ರೆ? ಬಲಿ ಎಳೂವತ್ತಿಗೆ? ಮೀನ್ ತುಂಬಿ ಬಪ್ಪತ್ತಿಗೆ?"

ಮೆಕ್ಯಾನಿಕ್ ಕೈಯ ಗ್ರೀಸು ಒರೆಸಿಕೊಂಡು, ಪಕ್ಕದ ಹಲಗೆಯ ಮೇಲಿನ ಸಾಮಾನು ಸರಿಸಿ ಜಾಗ ಮಾಡಿದ. "ಕೂಕಣಿ ಅಜ್ಜಯ್ಯ, ಹೇಳ್ತೆ" ಎಂದ. ಮಾವಯ್ಯ ಕೂತರು. ಅತ್ತೆ ಊಟಕ್ಕೆ ಕರೆಯಲು ಮೂರು ಸಲ ಬಂದು ಹೋದರು.